ಹಿಟ್ಟು, ರವೆ, ನುಚ್ಚು: ಕಣದ ಗಾತ್ರವೂ ದೇಹದ ಆರೋಗ್ಯವೂ

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವಾಗ ಉಣ್ಣಬೇಕು ಎಂಬ ಮೂರು ಪ್ರಶ್ನೆಗಳಿಗೆ ಹಿರಿಯರೂ ವೈದ್ಯರೂ ಬಗೆಬಗೆಯಾಗಿ ಉತ್ತರ ಹೇಳಿದ್ದಾರೆ. ಆದರೆ ಉಣ್ಣುವ ಧಾನ್ಯವನ್ನು ಎಷ್ಟು ನುಣ್ಣಗೆ ಬೀಸಿರಬೇಕು ಎಂಬ ನಾಲ್ಕನೆಯ ಪ್ರಶ್ನೆಯೊಂದುಂಟು. ಅದನ್ನು ಕೇಳುವವರು ವಿರಳ. ಒಂದೇ ಗೋಧಿಯನ್ನು ಒಡೆದರೆ ನುಚ್ಚು, ಇನ್ನಷ್ಟು ಬೀಸಿದರೆ ತರಿ, ಮತ್ತೂ ಬೀಸಿದರೆ ಹಿಟ್ಟು. ತಕ್ಕಡಿಗೆ ಈ ಮೂರೂ ಸಮಾನ. ಆದರೆ ಜಠರಕ್ಕೂ ಕರುಳಿಗೂ ರಕ್ತಕ್ಕೂ ಇವು ಸಮಾನವಲ್ಲ.

ಅಂಗಡಿಯಲ್ಲಿ ಕೊಳ್ಳುವ ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಾದ ದಿನಾಂಕ, ಪೋಷಕಾಂಶಗಳ ಪಟ್ಟಿ ಇವೆಲ್ಲ ಅಚ್ಚಾಗಿರುತ್ತವೆ. ಒಳಗಿರುವ ಕಣ ಎಷ್ಟು ದಪ್ಪ, ಎಂಥ ಆಕಾರದ್ದು ಎಂಬುದು ಮಾತ್ರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಮಧುಮೇಹಿಯಾದ ತಾತನಿಗೂ, ಆರು ತಿಂಗಳು ತುಂಬಿದ ಮೊಮ್ಮಗುವಿಗೂ ಒಂದೇ ಡಬ್ಬಿಯಿಂದ ಹಿಟ್ಟು ತೆಗೆಯುವ ಮನೆಯಲ್ಲಿ ಈ ಮೌನವು ಸಣ್ಣ ವಿಷಯವಲ್ಲ. ಆದುದರಿಂದ ಕಣವನ್ನು ಅಳೆಯುವುದು ಹೇಗೆ, ಅಳತೆಯಿಂದ ಆರೋಗ್ಯಕ್ಕೆ ಆಗುವ ಪ್ರಯೋಜನವೇನು ಎಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು.

ಬಾಲಾನಗರವೂ ಮೈಕ್ರಾನೂ

ಹೈದರಾಬಾದಿನ ಬಾಲಾನಗರದಲ್ಲಿ ಸೂಕ್ಷ್ಮ ಅಳತೆ ಎಂಬುದು ವಿದ್ವಾಂಸರ ಮಾತಲ್ಲ, ದಿನಗೂಲಿಯವನ ಮಾತು. ಅಲ್ಲಿಯ ಸಾಲುಸಾಲು ಕಾರ್ಖಾನೆಗಳಲ್ಲಿ ಲೇತಿನ ಮುಂದೆ ನಿಂತ ಕೆಲಸಗಾರನು ಲೋಹದ ತುಂಡನ್ನು ಮೈಕ್ರಾನಿನ ಲೆಕ್ಕದಲ್ಲಿ ಅಳೆಯುತ್ತಾನೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು 50ರಿಂದ 100 ಮೈಕ್ರಾನ್. ಅಚ್ಚುಗಳನ್ನೂ ಉಪಕರಣಗಳನ್ನೂ ರೂಪಿಸುವ ವಿದ್ಯೆಯನ್ನು ಕಲಿಸಲೆಂದೇ 1968ರಲ್ಲಿ ಕೇಂದ್ರ ಉಪಕರಣ ವಿನ್ಯಾಸ ಸಂಸ್ಥೆಯು ಇದೇ ಬಾಲಾನಗರದಲ್ಲಿ ಸ್ಥಾಪಿತವಾಯಿತು.

ಲೋಹದಂತೆಯೇ ಪುಡಿಯನ್ನೂ ಅಳೆಯಬೇಕೆಂಬ ಶಿಸ್ತು ಈ ಬಡಾವಣೆಗೆ ಬಂದುದು ಔಷಧಗಳ ಮೂಲಕ. 1961ರಲ್ಲಿ ಸ್ಥಾಪಿತವಾದ ಐ.ಡಿ.ಪಿ.ಎಲ್. ಎಂಬ ಸರ್ಕಾರಿ ಔಷಧ ಸಂಸ್ಥೆಯು ಸೋವಿಯತ್ ಒಕ್ಕೂಟದ ನೆರವಿನಿಂದ ತನ್ನ ಸಂಶ್ಲೇಷಿತ ಔಷಧಗಳ ಕಾರ್ಖಾನೆಯನ್ನು ಇಲ್ಲಿ ಕಟ್ಟಿತು. ಹೈದರಾಬಾದು ಔಷಧ ತಯಾರಿಕೆಯ ದೊಡ್ಡ ಕೇಂದ್ರವಾಗಿ ಬೆಳೆಯಲು ಈ ಕಾರ್ಖಾನೆಯಲ್ಲಿ ಪಳಗಿದ ಕೈಗಳು ಬಹುಮಟ್ಟಿಗೆ ಕಾರಣವಾದುವು. ಆ ಕಾರ್ಖಾನೆ ಮುಂದೆ ನಷ್ಟಕ್ಕೆ ಸಿಕ್ಕಿ ಮೌನವಾಯಿತು. ಅದರ ಆವರಣದಲ್ಲಿ 2007ರಲ್ಲಿ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಹೈದರಾಬಾದ್ ಶಾಖೆ ಆರಂಭವಾಯಿತು.

ಔಷಧ ಶಾಸ್ತ್ರದಲ್ಲಿ ಪುಡಿಯ ನುಣುಪಿಗೆ ಅಂಕೆಯ ಆಧಾರವಿದೆ. 1.7 ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ಪೂರ್ತಿ ಇಳಿದು, 355 ಮೈಕ್ರಾನ್ ಜರಡಿಯಲ್ಲಿ ನೂರಕ್ಕೆ 40 ಪಾಲಿಗಿಂತ ಹೆಚ್ಚು ಇಳಿಯದಿದ್ದರೆ ಅದು ಒರಟು ಪುಡಿ. 180 ಮೈಕ್ರಾನ್ ಜರಡಿಯಲ್ಲಿ ಪೂರ್ತಿ ಇಳಿದರೆ ನಯವಾದ ಪುಡಿ. 125 ಮೈಕ್ರಾನಿನಲ್ಲಿ ಇಳಿದರೆ ಅತಿ ನಯವಾದುದು. ಆಯುರ್ವೇದದ ಪಂಡಿತರು ಚೂರ್ಣವು ವಸ್ತ್ರಗಾಲಿತವಾಗಿರಬೇಕು, ಅಂದರೆ ಬಟ್ಟೆಯಲ್ಲಿ ಶೋಧಿಸಿದ್ದಾಗಿರಬೇಕು ಎಂದು ವಿಧಿಸಿದ್ದರ ಹಿಂದಿನ ವಿವೇಕವೂ ಇದೇ. ಅವರು ಬಟ್ಟೆಯಿಂದ ಹೇಳಿದುದನ್ನು ಇಂದಿನವರು ಸಂಖ್ಯೆಯಿಂದ ಹೇಳುತ್ತಾರೆ.

ಈ ಕಟ್ಟುನಿಟ್ಟು ವ್ಯರ್ಥವಲ್ಲ. ಹುಳುಕಡ್ಡಿ ಮೊದಲಾದ ಚರ್ಮರೋಗಗಳಿಗೆ ಕೊಡುವ ಗ್ರಿಸಿಯೋಫಲ್ವಿನ್ ಎಂಬ ಔಷಧವನ್ನು 1960ರ ದಶಕದಲ್ಲಿ ಅತಿ ಸೂಕ್ಷ್ಮವಾಗಿ ಪುಡಿಮಾಡಿ ಕೊಟ್ಟಾಗ, ಹಿಂದಿನ ಪ್ರಮಾಣದ ಅರ್ಧದಷ್ಟೇ ಸಾಕಾಯಿತು. ಔಷಧ ಬದಲಾಗಿರಲಿಲ್ಲ, ಬದಲಾದುದು ಕಣದ ಗಾತ್ರ ಮಾತ್ರ. ಔಷಧದ ಕಣಕ್ಕೆ ಇಷ್ಟು ಮಹತ್ವವಿರುವಾಗ, ದಿನಕ್ಕೆ ಮೂರು ಹೊತ್ತು ಉಣ್ಣುವ ಅನ್ನದ ಕಣವನ್ನು ಕಡೆಗಣಿಸುವುದು ಯುಕ್ತವಲ್ಲ.

ಹೆಸರು ಒಂದು, ಕಣ ಹಲವು

ನಾಡು ಬಿಟ್ಟು ಬಂದ ಕನ್ನಡ ಗೃಹಿಣಿಗೆ ಕಣದ ಗಾತ್ರದ ಪ್ರಶ್ನೆ ಮೊದಲು ಎದುರಾಗುವುದು ಕಿರಾಣಿ ಅಂಗಡಿಯಲ್ಲಿ. ಮೈಸೂರು ಕಡೆಯವರು ಉಪ್ಪಿಟ್ಟಿಗೆ ಒಂದು ರವೆ, ಕೇಸರಿಬಾತಿಗೆ ಒಂದು ರವೆ, ಹೋಳಿಗೆಯ ಕಣಕಕ್ಕೆ ಚಿರೋಟಿ ರವೆ ಎಂದು ಬೇರೆಬೇರೆಯಾಗಿ ಕೇಳಿ ಪಡೆದವರು. ಹೈದರಾಬಾದಿನ ಅಂಗಡಿಯಲ್ಲಿ "ಬೊಂಬಾಯಿ ರವ್ವ" ಎಂದರೆ ಒಂದು ಬಗೆ, "ಗೋಧುಮ ರವ್ವ" ಎಂದರೆ ಕನ್ನಡಿಗರು ಗೋಧಿ ನುಚ್ಚೆನ್ನುವ ವಸ್ತು, "ಇಡ್ಲಿ ರವ್ವ" ಎಂದರೆ ಅಕ್ಕಿಯ ತರಿ. ಮಾತು ತುಸು ತಪ್ಪಿದರೆ ಉಪ್ಪಿಟ್ಟು ಗೋಂದಾಗುತ್ತದೆ, ಇಲ್ಲವೆ ಇಡ್ಲಿ ಕಲ್ಲಾಗುತ್ತದೆ. ಊರಿಂದೂರಿಗೆ ಹೆಸರು ಬದಲಾಗುತ್ತದೆ, ಮೈಕ್ರಾನ್ ಬದಲಾಗುವುದಿಲ್ಲ.

ಬೀದರ, ಕಲಬುರ್ಗಿ, ರಾಯಚೂರು ಕಡೆಯವರ ಕಷ್ಟ ಬೇರೆ ಬಗೆಯದು. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಜೋಳದ ರೊಟ್ಟಿ ಈ ನಗರಕ್ಕೆ ಹೊಸದಲ್ಲ. ಗೋಧಿಯ ಹಿಟ್ಟಿನಲ್ಲಿರುವ ನಾದಿದಷ್ಟೂ ಎಳೆಯಾಗುವ ಅಂಟು ಜೋಳದಲ್ಲಿಲ್ಲ. ಬಿಸಿನೀರಿನಲ್ಲಿ ಭಾಗಶಃ ಬೆಂದ ಪಿಷ್ಟವೇ ಅಲ್ಲಿ ಹಿಟ್ಟನ್ನು ಹಿಡಿದಿಡುತ್ತದೆ. ಹಿಟ್ಟು ತರಿಯಾಗಿದ್ದರೆ ನೀರು ಕಣದ ಒಳಕ್ಕೆ ಬೇಗ ಇಳಿಯದು, ಬಡಿಯುವಾಗ ರೊಟ್ಟಿಯ ಅಂಚು ಒಡೆಯುತ್ತದೆ. ಗಿರಣಿಯಿಂದ ಬಂದ ಹಿಟ್ಟನ್ನು ಆ ಕಡೆಯ ತಾಯಂದಿರು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ "ಸಣ್ಣಗೆ ಬಿದ್ದಿಲ್ಲ" ಎಂದು ಹಿಂದಕ್ಕೆ ಕಳಿಸುತ್ತಿದ್ದುದು ಬರಿಯ ಹಟವಲ್ಲ. ಅದು ಬೆರಳಿನಿಂದ ಮಾಡಿದ ಕಣಪರೀಕ್ಷೆ.

ಜರಡಿಯ ಲೆಕ್ಕ

ಕಣವನ್ನು ಅಳೆಯುವ ಉಪಕರಣಗಳಲ್ಲಿ ಅತಿ ಹಳೆಯದೂ ಇಂದಿಗೂ ಅತಿ ನಂಬಿಕೆಯದೂ ಜರಡಿಯೇ. ಹಳೆ ಮೈಸೂರಿನವರು ಒಂದರಿ ಎಂದರೂ, ಉತ್ತರ ಕರ್ನಾಟಕದವರು ಸಾಣಿಗೆ ಎಂದರೂ ವಸ್ತು ಒಂದೇ. ಪ್ರಯೋಗಾಲಯದಲ್ಲಿ ಕಣ್ಣಿನ ಗಾತ್ರ ನಿಷ್ಕರ್ಷೆಯಾಗಿರುವ ಜರಡಿಗಳನ್ನು ಒಂದರ ಮೇಲೊಂದು ಪೇರಿಸುತ್ತಾರೆ. ದೊಡ್ಡ ಕಣ್ಣಿನದು ಮೇಲೆ, ಸಣ್ಣ ಕಣ್ಣಿನದು ಕೆಳಗೆ, ಎಲ್ಲಕ್ಕಿಂತ ಕೆಳಗೆ ಮುಚ್ಚಿದ ತಟ್ಟೆ. ಮೇಲಿನದಕ್ಕೆ ತೂಕಮಾಡಿದ ಪುಡಿ ಹಾಕಿ, ಯಂತ್ರದಿಂದ ನಿಯತಕಾಲ ಅಲುಗಿಸಿ, ಪ್ರತಿ ಜರಡಿಯಲ್ಲಿ ನಿಂತುದನ್ನು ಬೇರೆಬೇರೆ ತೂಗುತ್ತಾರೆ.

ಇದರ ಬರವಣಿಗೆ ಜಮಾಖರ್ಚಿನ ಪುಸ್ತಕದಂತೆಯೇ. ಉದಾಹರಣೆಗೆ 100 ಗ್ರಾಂ ರವೆ ಹಾಕಿ, ಮೇಲಿನ ಜರಡಿಯಲ್ಲಿ 20, ನಡುವಿನದರಲ್ಲಿ 50, ಕೆಳಗಿನ ತಟ್ಟೆಯಲ್ಲಿ 29 ಗ್ರಾಂ ಸಿಕ್ಕಿದರೆ ಒಟ್ಟು 99. ಉಳಿದ ಒಂದು ಗ್ರಾಂ ಜರಡಿಯ ಕಣ್ಣುಗಳಲ್ಲಿ ಸಿಕ್ಕಿಕೊಂಡಿದೆ ಅಥವಾ ಗಾಳಿಯಲ್ಲಿ ಹಾರಿದೆ. ವ್ಯತ್ಯಾಸ ಇದಕ್ಕಿಂತ ಬಹಳ ಹೆಚ್ಚಾದರೆ ಲೆಕ್ಕ ತಾಳೆಯಾಗಲಿಲ್ಲವೆಂದು ಪರೀಕ್ಷೆಯನ್ನು ಮತ್ತೆ ಮಾಡಬೇಕು.

ಜರಡಿಗಳನ್ನು "ಮೆಶ್" ಸಂಖ್ಯೆಯಿಂದ ಕರೆಯುವ ವಾಡಿಕೆಯುಂಟು. ಒಂದು ಅಂಗುಲ ಉದ್ದದಲ್ಲಿ ಎಷ್ಟು ಕಣ್ಣುಗಳಿವೆಯೋ ಅದೇ ಮೆಶ್. ಸಂಖ್ಯೆ ಹೆಚ್ಚಿದಷ್ಟೂ ಕಣ್ಣು ಕಿರಿದು. 60 ಮೆಶ್ ಎಂದರೆ ಸುಮಾರು 250 ಮೈಕ್ರಾನ್, 100 ಮೆಶ್ ಎಂದರೆ 150, 200 ಮೆಶ್ ಎಂದರೆ 75. ಅಂತರರಾಷ್ಟ್ರೀಯ ಆಹಾರ ಮಾನಕಗಳ ಪ್ರಕಾರ ಗೋಧಿಹಿಟ್ಟಿನ ನೂರರಲ್ಲಿ 98 ಪಾಲು 212 ಮೈಕ್ರಾನ್ ಜರಡಿಯಲ್ಲಿ ಇಳಿಯಬೇಕು. ಪತ್ರಿಕೆಗಳ ಪೇಟೆ ಧಾರಣೆಯಲ್ಲಿ ಸಕ್ಕರೆಗೆ ಎಸ್, ಎಂ, ಎಲ್ ಎಂಬ ಅಕ್ಷರಗಳಿರುವುದನ್ನು ವಾಚಕರು ಗಮನಿಸಿರಬಹುದು. ಅವೂ ಹರಳಿನ ಗಾತ್ರದ ಗುರುತುಗಳೇ: ಸಣ್ಣದು, ಮಧ್ಯಮ, ದೊಡ್ಡದು. ವ್ಯಾಪಾರವು ಕಣಕ್ಕೆ ಬೆಲೆ ಕಟ್ಟಿ ಎಷ್ಟೋ ಕಾಲವಾಗಿದೆ.

ಒಂದು ಎಚ್ಚರಿಕೆ ಅಗತ್ಯ. ಲಾರಿಯಲ್ಲಿ ಕುಲುಕಿ ಬಂದ ಮೂಟೆಯಲ್ಲಿ ಸಣ್ಣ ಕಣಗಳು ಸಂದಿಗಳಲ್ಲಿ ಜಾರಿ ಕೆಳಕ್ಕಿಳಿಯುತ್ತವೆ, ದೊಡ್ಡವು ಮೇಲುಳಿಯುತ್ತವೆ. ಅವಲಕ್ಕಿ ಚೂಡದ ಡಬ್ಬಿಯ ತಳದಲ್ಲಿ ಖಾರದ ಪುಡಿಯೂ ಉಪ್ಪೂ ಸೇರಿರುವುದನ್ನು ಕಂಡವರಿಗೆ ಇದು ಹೊಸದಲ್ಲ. ಆದುದರಿಂದ ಮೂಟೆಯ ಮೇಲಿನಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದರೆ ಫಲಿತಾಂಶ ತಪ್ಪಾಗುತ್ತದೆ. ಪುಡಿಯನ್ನು ರಾಶಿಮಾಡಿ, ನಾಲ್ಕು ಪಾಲು ಹಚ್ಚಿ, ಎದುರುಬದುರಿನ ಎರಡು ಪಾಲುಗಳನ್ನು ಕೂಡಿಸಿ, ಮತ್ತೆ ನಾಲ್ಕು ಮಾಡಿ ಮಾದರಿಯನ್ನು ಕಿರಿದುಗೊಳಿಸುವ ಕ್ರಮ ಇದಕ್ಕಾಗಿಯೇ ಹುಟ್ಟಿತು.

ಬೆಳಕಿನ ಅಳತೆ, ಆಕಾರದ ಅಳತೆ

ಜರಡಿಯ ಕಣ್ಣು ಎಷ್ಟು ಕಿರಿದಾದರೂ ಒಂದು ಮಿತಿಯುಂಟು. ಅಕ್ಕಿಯ ಪಿಷ್ಟದ ಒಂದೊಂದು ಕಣ 3ರಿಂದ 8 ಮೈಕ್ರಾನ್ ಮಾತ್ರ. ಇಂಥವನ್ನು ಅಳೆಯಲು ಹಿಂದೆ ನೀರಿನಲ್ಲಿ ಕದಡಿ, ತಳಕ್ಕಿಳಿಯುವ ವೇಗವನ್ನು ನೋಡುತ್ತಿದ್ದರು. ಕಣದ ವ್ಯಾಸ ಎರಡರಷ್ಟಾದರೆ ಇಳಿಯುವ ವೇಗ ನಾಲ್ಕರಷ್ಟಾಗುತ್ತದೆ ಎಂಬ ನಿಯಮವನ್ನು ಸ್ಟೋಕ್ಸ್ ಎಂಬ ವಿಜ್ಞಾನಿ 1851ರಲ್ಲಿ ನಿರೂಪಿಸಿದ್ದನು. ಇಂದಿನ ಪ್ರಯೋಗಾಲಯಗಳಲ್ಲಿ ಲೇಸರ್ ಕಿರಣ ಈ ಕೆಲಸವನ್ನು ಕ್ಷಣಮಾತ್ರದಲ್ಲಿ ಮಾಡುತ್ತದೆ. ಪುಡಿಯ ಮೇಲೆ ಬಿದ್ದ ಬೆಳಕು ಚದುರುವಾಗ ದೊಡ್ಡ ಕಣಗಳು ಅದನ್ನು ಕಿರುಕೋನದಲ್ಲಿಯೂ, ಸಣ್ಣ ಕಣಗಳು ಅಗಲವಾದ ಕೋನದಲ್ಲಿಯೂ ಹರಡುತ್ತವೆ. ಆ ಹರವಿನಿಂದ ಗಾತ್ರಗಳ ಪಟ್ಟಿಯನ್ನು ಗಣಿಸಲಾಗುತ್ತದೆ.

ಫಲಿತಾಂಶ ಓದುವಾಗ "ಸರಾಸರಿ" ಎಂಬ ಮಾತಿಗೆ ಮೋಸಹೋಗಬಾರದು. ಒಂದು ಬ್ಯಾಂಕಿನ ಶಾಖೆಯಲ್ಲಿ ತಲಾ ಒಂದು ಸಾವಿರ ರೂಪಾಯಿಯ ಸಾವಿರ ಮಂದಿ ಠೇವಣಿದಾರರೂ, ಹತ್ತು ಲಕ್ಷದ ಒಬ್ಬನೇ ಠೇವಣಿದಾರನೂ ಇದ್ದಾರೆನ್ನೋಣ. ತಲೆ ಎಣಿಸಿದರೆ ಅದು ಬಡವರ ಶಾಖೆ. ಹಣ ಎಣಿಸಿದರೆ ಅರ್ಧ ಶಾಖೆ ಒಬ್ಬನದೇ. ಕಣಗಳಲ್ಲಿಯೂ ಹೀಗೆಯೇ. 100 ಮೈಕ್ರಾನಿನ ಒಂದು ಕಣದ ಗಾತ್ರವು 10 ಮೈಕ್ರಾನಿನ ಸಾವಿರ ಕಣಗಳಿಗೆ ಸಮ. ಆದುದರಿಂದ ತಜ್ಞರು ಒಂದೇ ಸಂಖ್ಯೆಗೆ ತೃಪ್ತರಾಗದೆ, ನೂರಕ್ಕೆ 10, 50, 90 ಪಾಲು ಪುಡಿ ಯಾವ ಯಾವ ಗಾತ್ರದ ಒಳಗೆ ಬರುತ್ತದೆ ಎಂಬ ಮೂರು ಅಂಕೆಗಳನ್ನು ಕೊಡುತ್ತಾರೆ. ಮೂರೂ ಹತ್ತಿರವಿದ್ದರೆ ಪುಡಿ ಏಕರೂಪದ್ದು, ದೂರವಿದ್ದರೆ ಬೆರಕೆಯದು.

ಇನ್ನು ಆಕಾರ. ಉಪ್ಪು ಘನಾಕೃತಿಯ ಹರಳು, ಸಿಂಪಡಿಸಿ ಒಣಗಿಸಿದ ಹಾಲಿನ ಪುಡಿ ಬಹುಮಟ್ಟಿಗೆ ಗುಂಡು, ರವೆ ಮೂಲೆಮೂಲೆಯಾದದ್ದು, ಗೋಧಿಯ ಬೂಸಾ ಚಪ್ಪಟೆಯ ಸಿಪ್ಪೆ. ಉದ್ದನೆಯ ಕಣ ನೆಟ್ಟಗೆ ನಿಂತರೆ ಕಿರಿದಾದ ಕಣ್ಣಿನಲ್ಲಿಯೂ ಜಾರಿಬಿಡುವುದರಿಂದ, ಜರಡಿಯೊಂದೇ ಆಕಾರವನ್ನು ಹೇಳಲಾರದು. ಅದಕ್ಕೆ ಸೂಕ್ಷ್ಮದರ್ಶಕ ಬೇಕು. ಇಂದು ಸಾವಿರಾರು ಕಣಗಳ ಚಿತ್ರ ತೆಗೆದು ಪ್ರತಿಯೊಂದರ ಉದ್ದ, ಅಗಲ, ಸುತ್ತಳತೆಗಳನ್ನು ಗಣಕಯಂತ್ರವೇ ಲೆಕ್ಕಹಾಕುತ್ತದೆ.

ಆಕಾರದ ಅಗತ್ಯಕ್ಕೆ ಒಂದು ದೃಷ್ಟಾಂತವಿದೆ. ಪಡಿತರದ ಅಕ್ಕಿಗೆ ಕಬ್ಬಿಣ ಮೊದಲಾದ ಪೋಷಕಾಂಶ ಸೇರಿಸುವ ಯೋಜನೆಯನ್ನು 2021ರ ಸ್ವಾತಂತ್ರ್ಯ ದಿನದಂದು ಪ್ರಕಟಿಸಿ, ಮುಂದೆ ದೇಶದಾದ್ಯಂತ ವಿತರಿಸಲಾಯಿತು. ಅಕ್ಕಿಹಿಟ್ಟಿಗೆ ಪೋಷಕಾಂಶ ಬೆರೆಸಿ ಯಂತ್ರದಲ್ಲಿ ಒತ್ತಿ ಮಾಡಿದ ಕಾಳನ್ನು ನೂರು ಪಾಲು ಅಕ್ಕಿಗೆ ಒಂದು ಪಾಲಿನಂತೆ ಬೆರೆಸುವುದು ಅದರ ಕ್ರಮ. ಆ ಕಾಳು ಅಕ್ಕಿಯದೇ ಗಾತ್ರ, ಅಕ್ಕಿಯದೇ ಆಕಾರದಲ್ಲಿರಬೇಕು. ಇಲ್ಲವಾದರೆ ಚೀಲದಲ್ಲಿ ಅದು ಬೇರೆಯಾಗಿ ಒಂದೆಡೆ ಸೇರುತ್ತದೆ. ಮೊರದಲ್ಲಿ ಅಕ್ಕಿ ಹಸನುಮಾಡುವ ಗೃಹಿಣಿ ಅದನ್ನು ಕಲ್ಲಿನೊಡನೆ ಆರಿಸಿ ಎಸೆಯುತ್ತಾಳೆ. ಹಲವೆಡೆ ಅದನ್ನು "ಪ್ಲಾಸ್ಟಿಕ್ ಅಕ್ಕಿ" ಎಂದು ಶಂಕಿಸಿ ಜನರು ಎಸೆದದ್ದೂ ಉಂಟು. ರಕ್ತಹೀನತೆಯ ತಾಯಿಗೆಂದು ಬಂದ ಕಬ್ಬಿಣ ಅಂಗಳದ ಪಾಲಾಯಿತು.

ಮಧುಮೇಹಿಗಳು ಗಮನಿಸಬೇಕಾದುದು

ಒಂದು ಮಿಲಿಮೀಟರ್ ಅಳತೆಯ ಘನಾಕೃತಿಯ ಕಾಳಿನ ಹೊರಮೈ 6 ಚದರ ಮಿಲಿಮೀಟರ್. ಅದನ್ನೇ ಮಿಲಿಮೀಟರಿನ ಹತ್ತನೆಯ ಒಂದರಷ್ಟು ಅಳತೆಯ ಸಾವಿರ ತುಂಡುಗಳಾಗಿ ಒಡೆದರೆ ಒಟ್ಟು ಹೊರಮೈ 60 ಚದರ ಮಿಲಿಮೀಟರ್ ಆಗುತ್ತದೆ. ವಸ್ತು ಅಷ್ಟೇ, ಜೀರ್ಣರಸ ತಾಗುವ ಮೈ ಹತ್ತುಪಟ್ಟು. ಕಾಳಿನ ಒಳಗೆ ಪಿಷ್ಟವನ್ನು ಕಾಯುತ್ತಿದ್ದ ಕೋಶಗಳ ಗೋಡೆಯೂ ಬೀಸುವಾಗ ಒಡೆದುಹೋಗುತ್ತದೆ. ಪಿಷ್ಟವು ಬೇಗನೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ.

ಇದು ಊಹೆಯಲ್ಲ. ಆಸ್ಟ್ರೇಲಿಯದಲ್ಲಿ ಕೆರಿನ್ ಓಡೇ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಡಿಯ ಅಕ್ಕಿಗಿಂತ ಅದನ್ನೇ ಪುಡಿಮಾಡಿ ಕೊಟ್ಟಾಗ ರಕ್ತದ ಸಕ್ಕರೆಯೂ ಇನ್ಸುಲಿನ್ನೂ ಹೆಚ್ಚು ಏರಿದುವು. ಇಂಗ್ಲೆಂಡಿನ ಕೆನೆತ್ ಹೀಟನ್ ಮತ್ತು ಸಂಗಡಿಗರು 1988ರಲ್ಲಿ ಇಡಿ ಕಾಳು, ಒಡೆದ ಕಾಳು, ತರಿ ಹಿಟ್ಟು, ನುಣುಪು ಹಿಟ್ಟು ಎಂಬ ನಾಲ್ಕು ರೂಪಗಳನ್ನು ಹೋಲಿಸಿದರು. ಗೋಧಿಯಲ್ಲಿ ಮೆಟ್ಟಿಲು ಹತ್ತಿದಂತೆ ಒಂದಕ್ಕಿಂತ ಒಂದರಲ್ಲಿ ಇನ್ಸುಲಿನ್ ಏರಿತು. ಓಟ್ಸಿನಲ್ಲಿ ಮಾತ್ರ ಕಣದ ಗಾತ್ರದಿಂದ ಅಂಥ ಭೇದ ಕಾಣಲಿಲ್ಲ. ಆದುದರಿಂದ ಒಂದು ಧಾನ್ಯಕ್ಕೆ ಕಂಡುದನ್ನು ಎಲ್ಲಕ್ಕೂ ಅನ್ವಯಿಸಬಾರದು.

ಅದೇ 1988ರಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ತೋರಿಸಿದ ಇನ್ನೊಂದು ಸಂಗತಿ ಅನೇಕರ ಭ್ರಮೆಯನ್ನು ಕಳೆಯುವಂಥದು. ಸಿಪ್ಪೆಸಹಿತವಾದ ಗೋಧಿಯನ್ನು ನುಣ್ಣಗೆ ಬೀಸಿ ಮಾಡಿದ ಕಂದು ಬ್ರೆಡ್ಡು ರಕ್ತದ ಸಕ್ಕರೆಯನ್ನು ಬಿಳಿ ಬ್ರೆಡ್ಡಿನಷ್ಟೇ ಏರಿಸಿತು. ಇಡಿ ಇಲ್ಲವೆ ಒಡೆದ ಕಾಳು ಹೆಚ್ಚಾಗಿ ಸೇರಿದ ಬ್ರೆಡ್ಡಿನಲ್ಲಿ ಮಾತ್ರ ಏರಿಕೆ ಕಡಮೆಯಾಯಿತು. ಬಣ್ಣ ಕಂದಾದ ಮಾತ್ರಕ್ಕೆ ಮಧುಮೇಹಿಗೆ ಹಿತವೆಂದು ತಿಳಿಯಲಾಗದು. ನಾರು, ಜೀವಸತ್ವಗಳ ದೃಷ್ಟಿಯಿಂದ ಸಿಪ್ಪೆಸಹಿತ ಹಿಟ್ಟು ಮೇಲೇ. ಆದರೆ ಸಕ್ಕರೆಯ ಏರಿಕೆಯ ಮಟ್ಟಿಗೆ ಕಣದ ಗಾತ್ರವನ್ನೂ ಕೇಳಬೇಕು.

ಹೀಗೆಂದು ರೊಟ್ಟಿ ಚಪಾತಿಗಳನ್ನು ತ್ಯಜಿಸಬೇಕಾಗಿಲ್ಲ. ಗೋಧಿ ನುಚ್ಚಿನ ಉಪ್ಪಿಟ್ಟು, ನವಣೆಯ ಅನ್ನ, ಮೊಳಕೆಕಾಳಿನ ಕೋಸಂಬರಿ, ಜೋಳದ ನುಚ್ಚು ಇವು ವಾರದಲ್ಲಿ ಕೆಲವು ಹೊತ್ತು ಹಿಟ್ಟಿನ ಸ್ಥಾನವನ್ನು ತುಂಬಬಲ್ಲವು. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಭಾರತೀಯ ಸಿರಿಧಾನ್ಯ ಸಂಶೋಧನಾ ಸಂಸ್ಥೆಯು ಜೋಳದ ರವೆ ಮೊದಲಾದುವನ್ನು ರೂಢಿಗೆ ತರಲು ಶ್ರಮಿಸಿದೆ. ಉಣ್ಣುವ ಪ್ರಮಾಣ, ಜೊತೆಗಿರುವ ಬೇಳೆ ತರಕಾರಿಗಳು ಇವೂ ಅಷ್ಟೇ ಮುಖ್ಯ. ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರ ಸಲಹೆಯಿಲ್ಲದೆ ಆಹಾರದಲ್ಲಿ ದೊಡ್ಡ ಬದಲಾವಣೆ ಮಾಡಬಾರದು.

ಮಲಬದ್ಧತೆಯಿರುವವರಿಗೂ ಇಲ್ಲೊಂದು ಪಾಠವಿದೆ. ಗೋಧಿಯ ಬೂಸಾವನ್ನು ಒರಟಾಗಿಯೂ ನುಣ್ಣಗೂ ಕೊಟ್ಟು ಹೋಲಿಸಿದ 1978ರ ಅಧ್ಯಯನದಲ್ಲಿ ಒರಟು ಬೂಸಾ ಹೆಚ್ಚು ಗುಣಕೊಟ್ಟಿತು. ಅದೇ ಬೂಸಾವನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿದರೆ ರುಚಿಗೆ ಅನುಕೂಲವಾದೀತು, ಗುಣ ಕುಂದೀತು.

ಎಳೆಯ ಮಕ್ಕಳ ವಿಷಯ

ಮಧುಮೇಹಿಗೆ ಒರಟು ಹಿತವೆಂದು ಎಳೆಮಗುವಿಗೂ ಅದನ್ನೇ ಕೊಡುವುದು ಸಲ್ಲದು. ಹಲ್ಲಿಲ್ಲದ ಬಾಯಿಗೆ ತರಿ ತೊಡಕು. ರಾಗಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಶೋಧಿಸಿ "ಸರಿ" ಮಾಡುವ ಕನ್ನಡನಾಡಿನ ಪದ್ಧತಿ ಶಾಸ್ತ್ರಸಮ್ಮತವಾದುದು. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಡಿಲಿಸುವುದರಿಂದ ಸರಿ ಗಟ್ಟಿಯಾಗದು. ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು ಕದಡಬಹುದು, ಮಗುವಿಗೆ ಹೆಚ್ಚು ಶಕ್ತಿ ದೊರೆಯುತ್ತದೆ.

ಶೋಧಿಸುವಾಗ ನಷ್ಟವೂ ಉಂಟು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅದರ ಬಹುಪಾಲು ಸಿಪ್ಪೆಯ ಕಡೆಗೇ ಇರುವುದರಿಂದ ಬಟ್ಟೆಯ ಮೇಲುಳಿದ ತರಿಯಲ್ಲಿ ಅದು ಹೊರಟುಹೋಗುತ್ತದೆ. ಆ ತರಿಯನ್ನು ಎಸೆಯದೆ ದೊಡ್ಡವರ ಅಂಬಲಿಗೋ ರೊಟ್ಟಿಗೋ ಸೇರಿಸುವುದು ಜಾಣತನ. ಮಗು ಬೆಳೆದು ಅಗಿಯಲು ಕಲಿತಂತೆ ಜರಡಿಯ ಕಣ್ಣನ್ನೂ ದೊಡ್ಡದು ಮಾಡುತ್ತ ಹೋಗಬೇಕು. ಒಣ ಹುರಿಹಿಟ್ಟನ್ನು ಮಗುವಿನ ಬಾಯಿಗೆ ಎಂದಿಗೂ ಹಾಕಬಾರದು, ಅದು ಉಸಿರಿನೊಡನೆ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ.

ಹಾಲಿನ ಪುಡಿಯ ವಿಷಯದಲ್ಲಿಯೂ ಕಣವೇ ಪ್ರಧಾನ. ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ರೂಪಿಸಿ ದೇಶಕ್ಕೆ ಉಪಕಾರ ಮಾಡಿತು. ಹಿಟ್ಟಿನ ಗಿರಣಿಗಳ ತಂತ್ರವನ್ನು ಕಲಿಸುವ ಶಾಲೆಯೂ ಅದೇ ಆವರಣದಲ್ಲಿದೆ. ಹಾಲಿನ ಪುಡಿ ತೀರ ನುಣುಪಾದರೆ ನೀರಿನ ಮೇಲೆ ತೇಲಿ ಗಂಟುಕಟ್ಟುತ್ತದೆ. ಸಣ್ಣ ಕಣಗಳನ್ನು ತುಸು ತೇವದಿಂದ ಒಂದಕ್ಕೊಂದು ಅಂಟಿಸಿ ಸಡಿಲವಾದ ಗೊಂಚಲು ಮಾಡಿದರೆ ನೀರು ಸಂದಿಗಳಲ್ಲಿ ನುಗ್ಗಿ ಬೇಗ ಕರಗುತ್ತದೆ. "ತತ್‌ಕ್ಷಣ ಕರಗುವ" ಪುಡಿಯ ಗುಟ್ಟು ಇಷ್ಟೇ. ಆದರೆ ಗೊಂಚಲಿನ ಪುಡಿ ಹಗುರ, ನುಣುಪಿನದು ಭಾರ. ಒಂದು ಬಗೆಯ ಡಬ್ಬಿಯ ಚಮಚವನ್ನು ಇನ್ನೊಂದಕ್ಕೆ ಬಳಸಿದರೆ, ಇಲ್ಲವೆ ಚಮಚದಲ್ಲಿ ಒತ್ತಿ ತುಂಬಿದರೆ ಮಗುವಿನ ಹಾಲು ಅತಿ ಗಟ್ಟಿಯೋ ಅತಿ ತೆಳುವೋ ಆಗುತ್ತದೆ. ಮೊದಲನೆಯದು ಮೂತ್ರಪಿಂಡಕ್ಕೆ ಹೊರೆ, ಎರಡನೆಯದು ಅರೆಹೊಟ್ಟೆ. ಆರು ತಿಂಗಳವರೆಗೆ ತಾಯಿಯ ಹಾಲೇ ಸರ್ವೋತ್ತಮವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಬ್ಬಿಣ ಮತ್ತು ಉಪ್ಪು

ಹಿಟ್ಟಿಗೆ ಲೋಹರೂಪದ ಕಬ್ಬಿಣವನ್ನು ಬೆರೆಸುವುದಾದರೆ ಅದರ ಕಣ 45 ಮೈಕ್ರಾನಿಗಿಂತ ಕಿರಿದಾಗಿರಬೇಕೆಂದು ತಜ್ಞರ ಶಿಫಾರಸು. ದಪ್ಪ ಕಣ ಜಠರದ ಆಮ್ಲದಲ್ಲಿ ಕರಗದೆ ಹಾಗೆಯೇ ಹೊರಹೋಗುತ್ತದೆ. ಪಟ್ಟಿಯಲ್ಲಿ ಕಬ್ಬಿಣದ ಅಂಕೆ ಇರುತ್ತದೆ, ರಕ್ತದಲ್ಲಿ ಇರುವುದಿಲ್ಲ.

ರಕ್ತದ ಒತ್ತಡವಿರುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯು ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಮೆ. ಆರೋಗ್ಯವಂತರಿಗೂ ಮಿತಿ ಅದೇ. ಇದನ್ನು "ಒಂದು ಚಮಚ" ಎಂದು ನೆನಪಿಡುವವರು ಉಂಟು. ಪುಡಿ ಉಪ್ಪು ಚಮಚದಲ್ಲಿ ಒತ್ತಾಗಿ ಕೂರುತ್ತದೆ, ಹರಳುಪ್ಪಿನಲ್ಲಿ ಸಂದಿಗಳು ಹೆಚ್ಚು. ಚಮಚ ಒಂದೇ ಆದರೂ ತೂಕ ಒಂದೇ ಅಲ್ಲ. ಉಪ್ಪನ್ನು ಅಳೆಯಬೇಕಾದುದು ತೂಕದಿಂದ. ಸೌತೆಕಾಯಿಯ ಮೇಲೆ ಉದುರಿಸುವಾಗ ನುಣುಪಾದ ಉಪ್ಪು ನಾಲಗೆಯಲ್ಲಿ ಬೇಗ ಕರಗುವುದರಿಂದ ಸ್ವಲ್ಪದರಲ್ಲೇ ರುಚಿ ತೋರುತ್ತದೆ ಎಂಬುದೂ ನೆನಪಿಡತಕ್ಕದ್ದು.

ಗಿರಣಿಯ ಧೂಳು

ಹಿಟ್ಟು ಹೊಟ್ಟೆಗೆ ಹೋದರೆ ಅನ್ನ, ಶ್ವಾಸಕೋಶಕ್ಕೆ ಹೋದರೆ ರೋಗ. ಇಟಲಿಯ ವೈದ್ಯ ರಮಝೀನಿಯು 1700ರಲ್ಲಿ ಬರೆದ ಕಸಬುದಾರರ ರೋಗಗಳ ಗ್ರಂಥದಲ್ಲೇ ಹಿಟ್ಟು ಬೀಸುವವರ, ರೊಟ್ಟಿ ಸುಡುವವರ ಉಬ್ಬಸದ ಪ್ರಸ್ತಾಪವಿದೆ. 10 ಮೈಕ್ರಾನಿಗಿಂತ ದೊಡ್ಡ ಕಣಗಳು ಬಹುಪಾಲು ಮೂಗು ಗಂಟಲುಗಳಲ್ಲೇ ನಿಲ್ಲುತ್ತವೆ. 5 ಮೈಕ್ರಾನಿಗಿಂತ ಕಿರಿದಾದುವು ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲವು. ಬೀಸುವುದು ನುಣ್ಣಗಾದಷ್ಟೂ ಗಾಳಿಯಲ್ಲಿ ಇಂಥವು ಹೆಚ್ಚು. ಗ್ರಾಹಕನು "ಇನ್ನೂ ಸಣ್ಣಗೆ" ಎಂದು ಹೇಳಿ ಹತ್ತು ನಿಮಿಷದಲ್ಲಿ ಹೊರಟುಹೋಗುತ್ತಾನೆ. ಗಿರಣಿಯವನು ದಿನವಿಡೀ ಆ ಬಿಳಿಯ ಮಂಜಿನಲ್ಲಿ ನಿಂತಿರುತ್ತಾನೆ. ಮೂಗಿಗೆ ಮುಸುಕು, ಧೂಳು ಹೀರುವ ಪಂಖ, ಗಾಳಿಬೆಳಕಿನ ಕಿಟಕಿ ಇವು ಅವನಿಗೆ ಸಲ್ಲಬೇಕಾದ ಕನಿಷ್ಠ ರಕ್ಷಣೆ.

ಮನೆಯಲ್ಲಿ ಅನುಸರಿಸಬಹುದಾದ ಕ್ರಮಗಳು

1. ಮನೆಯಲ್ಲಿ ಬೇರೆಬೇರೆ ಕಣ್ಣಿನ ಎರಡು ಮೂರು ಜರಡಿಗಳಿರಲಿ. ಹೊಸ ಅಂಗಡಿಯ ರವೆ ತಂದಾಗ 100 ಗ್ರಾಂ ಜರಡಿ ಹಿಡಿದು ತೂಗಿ ಬರೆದಿಟ್ಟರೆ, ಮುಂದಿನ ಸಲ ಹೋಲಿಸಲು ಆಧಾರವಾಗುತ್ತದೆ.

2. ಮಗು, ಮಧುಮೇಹಿ, ಹಲ್ಲಿಲ್ಲದ ವೃದ್ಧರು ಇರುವ ಮನೆಯಲ್ಲಿ ಒಂದೇ ಧಾನ್ಯವನ್ನು ಎರಡು ಬಗೆಯಾಗಿ ಬೀಸಿಸಿ ಬೇರೆ ಡಬ್ಬಿಗಳಲ್ಲಿಡಬೇಕು.

3. ಮಿಶ್ರಣದ ಪುಡಿಗಳನ್ನು ಬಳಸುವ ಮೊದಲು ತಳದಿಂದ ಮೇಲಕ್ಕೆ ಕಲಕಬೇಕು.

4. ಉಪ್ಪು, ಹಾಲಿನ ಪುಡಿ ಇವುಗಳಲ್ಲಿ ಚಮಚವನ್ನು ಕಣ್ಣುಮುಚ್ಚಿ ನಂಬಬಾರದು. ಹಾಲಿನ ಪುಡಿಗೆ ಆಯಾ ಡಬ್ಬಿಯ ಚಮಚವನ್ನೇ, ಒತ್ತದೆ, ಮಟ್ಟಮಾಡಿ ಬಳಸಬೇಕು.

5. ಜರಡಿಯ ಮೇಲುಳಿದ ತೌಡು, ತರಿಗಳನ್ನು ಕಸವೆಂದು ಎಸೆಯಬಾರದು.

ನುಣುಪು ನಾಗರಿಕತೆಯ ಲಕ್ಷಣ, ಒರಟು ಹಳ್ಳಿಯ ಲಕ್ಷಣ ಎಂಬ ಎಣಿಕೆಯೊಂದು ಪಟ್ಟಣದಲ್ಲಿ ಬೇರೂರಿದೆ. ಒರಟಾದುದೆಲ್ಲ ಔಷಧ ಎಂಬ ಎಣಿಕೆ ಇತ್ತೀಚೆಗೆ ಹಬ್ಬುತ್ತಿದೆ. ಎರಡೂ ಸರಿಯಲ್ಲ. ಕಾಫಿಪುಡಿ ತೀರ ನುಣುಪಾದರೆ ಫಿಲ್ಟರಿನ ಕಣ್ಣು ಕಟ್ಟಿ ಡಿಕಾಕ್ಷನ್ ಇಳಿಯದು, ತೀರ ದಪ್ಪವಾದರೆ ನೀರಾಗಿ ಇಳಿಯುತ್ತದೆ. ಇದನ್ನು ಅರಿತ ಗೃಹಿಣಿ ಪ್ರತಿಯೊಂದಕ್ಕೂ ಅದರದೇ ಹದ ಉಂಟೆಂಬುದನ್ನು ಆಗಲೇ ಅರಿತಿದ್ದಾಳೆ. ಹಿಂದೆ ಮನೆಯ ಬೀಸುವ ಕಲ್ಲು ಆ ಹದವನ್ನು ಮನೆಯವರ ಕೈಯಲ್ಲೇ ಇಟ್ಟಿತ್ತು. ಇಂದು ದೂರದ ಗಿರಣಿ ಅದನ್ನು ನಿಶ್ಚಯಿಸಿ ಪೊಟ್ಟಣದಲ್ಲಿ ಮುಚ್ಚಿ ಕಳಿಸುತ್ತದೆ. ಲೋಹದ ತುಂಡಿಗೆ ಬಾಲಾನಗರದ ಕೆಲಸಗಾರನು ಕೇಳುವ ಪ್ರಶ್ನೆಯನ್ನು, "ಎಷ್ಟು ಮೈಕ್ರಾನ್?" ಎಂಬ ಪ್ರಶ್ನೆಯನ್ನು, ಹಿಟ್ಟಿನ ಪೊಟ್ಟಣಕ್ಕೂ ಕೇಳುವ ಗ್ರಾಹಕರು ಹೆಚ್ಚಿದರೆ, ಅದರ ಉತ್ತರವೂ ಒಂದು ದಿನ ಪೊಟ್ಟಣದ ಮೇಲೆ ಅಚ್ಚಾಗುವುದರಲ್ಲಿ ಸಂದೇಹವಿಲ್ಲ. ಅಲ್ಲಿಯವರೆಗೆ ಅಡುಗೆಮನೆಯ ಜರಡಿಯೇ ಗೃಹಿಣಿಯ ಪ್ರಯೋಗಾಲಯ.